ತಕ್ಕಡಿ ಹಿಡಿದವರೂ ಸಂಶೋಧಕರೇ

ಮಂಡ್ಯದ ದುದ್ದ, ಶಿವಳ್ಳಿ ಕಡೆಯ ಹುಡುಗಹುಡುಗಿಯರು ಜಿಎನ್‌ಎಂ, ಬಿಎಸ್ಸಿ, ಎಂಎಸ್‌ಡಬ್ಲ್ಯು ಮುಗಿಸಿದ ಮೇಲೆ ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಅಕ್ಕ, ಮಕ್ಕಳ ರಿಸರ್ಚ್ ಪ್ರಾಜೆಕ್ಟಲ್ಲಿ ಕೆಲ್ಸ ಅಂದ್ರೆ ಏನ್ ಮಾಡ್ಬೇಕು?" ಅವರ ಕಣ್ಣಮುಂದೆ ಇರುವುದು ಬಿಳಿ ಕೋಟು, ಲ್ಯಾಬು, ಬೆಂಗಳೂರು. ಮಕ್ಕಳ ಆರೋಗ್ಯದ ಸಂಶೋಧನೆಯ ಬಹುಪಾಲು ನಡೆಯುವುದು ಮಾತ್ರ ಮನೆಯ ಜಗಲಿಯ ಮೇಲೆ, ಅಂಗನವಾಡಿಯ ಚಾಪೆಯ ಮೇಲೆ. ನಾನು ನರ್ಸಿಂಗ್ ಓದಿ, ಮೈಸೂರು–ಮಂಡ್ಯ ಸೀಮೆಯ ಅಧ್ಯಯನಗಳಲ್ಲಿ ಮೊದಲು ಕ್ಷೇತ್ರ ಸಹಾಯಕಿಯಾಗಿ, ಆಮೇಲೆ ಮೇಲ್ವಿಚಾರಕಿಯಾಗಿ ದುಡಿದವಳು. ಕೇಳಿದವರಿಗೆ ಅಲ್ಲಲ್ಲಿ ಹೇಳಿದ ಮಾತುಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

1. ನೀವು ಬರೆದ ಅಂಕಿಯನ್ನು ಓದುವವರು ಇನ್ನೂ ಹುಟ್ಟೇ ಇಲ್ಲದಿರಬಹುದು

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ನಮ್ಮ ಕಡೆಯವರು ಮಿಷನ್ ಆಸ್ಪತ್ರೆ ಎಂದೇ ಕರೆಯುವುದು. 1906ರಲ್ಲಿ ಶುರುವಾದದ್ದು. ಅಲ್ಲಿಯ ಹೆರಿಗೆ ವಾರ್ಡಿನಲ್ಲಿ 1934ರಿಂದಲೇ ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಸಂಶೋಧನೆಗೆಂದು ಬರೆದದ್ದಲ್ಲ, ವಾರ್ಡಿನ ಶಿಸ್ತು ಅದು.

1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಡೇವಿಡ್ ಬಾರ್ಕರ್ ಎಂಬ ವಿಜ್ಞಾನಿ, ಹೊಟ್ಟೆಯಲ್ಲಿರುವಾಗ ಸರಿಯಾಗಿ ಬೆಳೆಯದ ಕೂಸಿಗೆ ದೊಡ್ಡವನಾದ ಮೇಲೆ ಹೃದಯದ ಕಾಯಿಲೆ ಹೆಚ್ಚು ಎಂದು ವಾದಿಸುತ್ತಿದ್ದರು. ಇದು ಬಡ ದೇಶಗಳಲ್ಲೂ ನಿಜವೇ ಎಂದು ನೋಡಲು ಹಳೆಯ ಜನನ ದಾಖಲೆ ಬೇಕಿತ್ತು. ಸಿಕ್ಕಿದ್ದು ಮೈಸೂರಿನಲ್ಲಿ. ಕ್ಯಾರೊಲಿನ್ ಫಾಲ್ ಮತ್ತು ಅವರ ಜೊತೆಗಾರರು 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಅದು ಶೇ. 3ರಷ್ಟು.

ಇದರ ಬೆನ್ನಿಗೇ ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯಿತು. 830 ಬಸುರಿಯರನ್ನು ಸೇರಿಸಿಕೊಂಡು, ಅವರ ಮಕ್ಕಳನ್ನು ಡಾ. ಕೃಷ್ಣವೇಣಿ, ಡಾ. ವೀಣಾ ಮುಂತಾದವರ ತಂಡ ಹುಟ್ಟಿನಿಂದ ಹರೆಯದವರೆಗೂ ಬಿಡದೆ ಹಿಂಬಾಲಿಸಿತು. ಆ ತಾಯಂದಿರಲ್ಲಿ ಶೇ. 43 ಮಂದಿಗೆ ವಿಟಮಿನ್ ಬಿ12 ಕಡಿಮೆ ಇತ್ತು ಎಂಬುದು ತಿಳಿದದ್ದೂ ಅಲ್ಲಿಂದಲೇ.

ಇಷ್ಟಕ್ಕೆಲ್ಲ ತಳಪಾಯ ಹಾಕಿದ 1934ರ ನರ್ಸಮ್ಮಂದಿರ ಹೆಸರು ಯಾವ ಪ್ರಬಂಧದಲ್ಲೂ ಇಲ್ಲ. ಅವರಲ್ಲಿ ಒಬ್ಬಾಕೆ ರಾತ್ರಿ ಪಾಳಿಯ ಸುಸ್ತಿನಲ್ಲಿ "ಇಷ್ಟೇ ಇರಬಹುದು" ಎಂದು ಅಂದಾಜಿಗೆ ಗೀಚುತ್ತಾ ಹೋಗಿದ್ದರೆ ಅರವತ್ತು ವರ್ಷದ ನಂತರ ಆ ರಿಜಿಸ್ಟರು ರದ್ದಿ ಕಾಗದ. ಹೊಸದಾಗಿ ಬಂದವರಿಗೆ ನಾನು ಮೊದಲ ದಿನ ಹೇಳುವುದು ಇದನ್ನೇ. ಪಿಎಚ್‌ಡಿ ಮಾಡಿದವರಷ್ಟೇ ಸಂಶೋಧಕರು ಅನ್ನುವ ಸಂಕೋಚ ಬೇಡ. ಅಂಕಿ ಹುಟ್ಟುವುದು ನಿಮ್ಮ ಕೈಯಲ್ಲಿ. ಅಲ್ಲಿ ಕೆಟ್ಟದ್ದನ್ನು ಮುಂದೆ ಯಾವ ಕಂಪ್ಯೂಟರೂ ಸರಿಮಾಡಲಾರದು.

2. ಮತ್ತೆ ಮತ್ತೆ 2.5 ಬಂದರೆ ಅನುಮಾನಪಡಿ

2.5 ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು, ಇದು ಎಲ್ಲರಿಗೂ ಗೊತ್ತಿರುವ ಗೆರೆ. ಹಾಗಾಗಿಯೇ ಯಾವ ರಿಜಿಸ್ಟರ್ ತೆಗೆದರೂ ಸರಿಯಾಗಿ 2.5 ತೂಗಿದ ಕೂಸುಗಳು ಗುಂಪುಗುಂಪಾಗಿ ಸಿಗುತ್ತವೆ. 2.46 ಇದ್ದದ್ದು "ಎರಡೂವರೆ ಬರ್ಕೊಳಿ" ಆಗುತ್ತದೆ. ಬರೆದವರಿಗೆ ಕೆಟ್ಟ ಉದ್ದೇಶವಿಲ್ಲ, ತಾಯಿಗೆ ಬೇಜಾರಾಗದಿರಲಿ ಎಂಬ ಕರುಣೆ. ಆ ಕರುಣೆಯಿಂದ ಜಿಲ್ಲೆಯ ಕಡಿಮೆ ತೂಕದ ಮಕ್ಕಳ ಲೆಕ್ಕವೇ ತಪ್ಪುತ್ತದೆ. ಕಾಗದದ ಮೇಲೆ ಚೆನ್ನಾಗಿರುವ ಮಗುವನ್ನು ಎರಡನೇ ಸಲ ನೋಡಲು ಯಾರೂ ಹೋಗುವುದಿಲ್ಲ.

ಅಳತೆಯ ಕೆಲಸ ನೋಡಲು ಸುಲಭ, ಮಾಡಲು ಅಲ್ಲ. ತೂಗುವ ಮುಂಚೆ ಬಟ್ಟೆ ಪೂರ್ತಿ ಬಿಚ್ಚಬೇಕು. ಚಳಿಗಾಲದಲ್ಲಿ ಇದಕ್ಕೇ ಜಗಳ. ಉಡಿದಾರ, ಬೆಳ್ಳಿ ಕಡಗ, ತಾಯಿತ ಬಿಚ್ಚಿಕೊಡಿ ಎಂದು ಕೇಳಕೂಡದು, ಏನೇನು ಇದೆ ಎಂದು ಫಾರ್ಮಿನಲ್ಲಿ ಗುರುತು ಹಾಕಿಕೊಂಡರೆ ಸಾಕು. ಉದ್ದ ಅಳೆಯಲು ಇಬ್ಬರು ಇರಲೇಬೇಕು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮಂಡಿ ನೇರಮಾಡಿ ಪಾದದ ಹಲಗೆ ಸರಿಸಬೇಕು. ಎರಡು ವರ್ಷದವರೆಗೆ ಮಲಗಿಸಿ, ಆಮೇಲೆ ನಿಲ್ಲಿಸಿ. ಅದೇ ಮಗುವನ್ನು ಮಲಗಿಸಿ ಅಳೆದರೆ ನಿಲ್ಲಿಸಿ ಅಳೆದದ್ದಕ್ಕಿಂತ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ. ನೀವು ಹೇಗೆ ಅಳೆದಿರಿ ಎಂದು ಬರೆಯದಿದ್ದರೆ ಆ ಲೆಕ್ಕ ಉಪಯೋಗಕ್ಕಿಲ್ಲ. ತೋಳಿನ ಸುತ್ತಳತೆಯಲ್ಲಿ ಇನ್ನೂ ಎಚ್ಚರ ಬೇಕು. ಎಡತೋಳು, ಭುಜದ ಮೂಳೆಗೂ ಮೊಣಕೈಗೂ ನಡುಮಧ್ಯ, ಟೇಪು ಚರ್ಮವನ್ನು ಒತ್ತಬಾರದು. 11.5 ಸೆಂ.ಮೀ.ಗಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ. ಟೇಪು ಒಂದಿಷ್ಟು ಬಿಗಿಯಾದರೆ ಚೆನ್ನಾಗಿರುವ ಮಗುವೂ ಆ ಪಟ್ಟಿಗೆ ಬೀಳುತ್ತದೆ.

3. ಅಜ್ಜಿಗೆ ಉತ್ತರ ಹೇಳಲು ಬರಬೇಕು

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವಳು ತಾಯಿ. ತೀರ್ಮಾನ ಮಾಡುವವರು ಒಳಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಾರೆ. ಒಬ್ಬ ಅಜ್ಜಿ ನನ್ನನ್ನು ಕೇಳಿದ ಮಾತು ಇವತ್ತಿಗೂ ತರಬೇತಿಯಲ್ಲಿ ಹೇಳುತ್ತೇನೆ: "ಆ ಕೂಸ್ಗೆ ರಕ್ತನೇ ಇಲ್ಲ ಅಂತ ನೀನೇ ಅಂತೀಯ, ಇರೋದ್ನೂ ಎಳ್ಕಂಡು ಹೋಯ್ತೀನಿ ಅಂತೀಯ. ಇದ್ಯಾವ ಸೀಮೆ ನ್ಯಾಯ ಕಣವ್ವ?"

ಅಧ್ಯಯನಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯಲ್ಲೂ ಇಷ್ಟು ಚೊಕ್ಕವಾಗಿ ಪ್ರಶ್ನೆ ಕೇಳುವವರು ಕಮ್ಮಿ. ಅಜ್ಜಿಯನ್ನು ದಾಟಿಕೊಂಡು ಸೊಸೆಯ ಸಹಿ ಹಾಕಿಸಿಕೊಳ್ಳುವುದು ಸುಲಭ, ಮುಂದಿನ ಸಲ ಆ ಮನೆಯ ಬಾಗಿಲು ತೆರೆಯುವುದಿಲ್ಲ ಅಷ್ಟೆ. ಚೀಲದಲ್ಲಿ ಒಂದು ಟೀ ಚಮಚ ಇಟ್ಟುಕೊಂಡಿರಿ. ಅದರಲ್ಲಿ ಹಿಡಿಯುವುದು 5 ಎಂ.ಎಲ್. "ಇಷ್ಟೇ ಅಜ್ಜಿ, ಇದಕ್ಕಿಂತ ಒಂದು ಹನಿ ಹೆಚ್ಚಿಲ್ಲ" ಎಂದು ತೋರಿಸಿ. ಯಾತಕ್ಕೆ, ಎಲ್ಲಿಗೆ ಹೋಗುತ್ತದೆ, ಯಾವತ್ತು ಫಲಿತಾಂಶ ಬರುತ್ತದೆ, ಎಲ್ಲವನ್ನೂ ಹೇಳಿ. ಬೇಡ ಅಂದರೆ "ಆಯ್ತು ಅಜ್ಜಿ" ಎಂದು ನಗುತ್ತಾ ಎದ್ದು ಬನ್ನಿ. ಬೇಡ ಅಂದ ಮನೆಯ ಮಗುವಿಗೂ ಲಸಿಕೆ, ಮಾತ್ರೆ ಒಂದೂ ತಪ್ಪುವುದಿಲ್ಲ ಎಂಬುದನ್ನು ಅವರು ಕೇಳದಿದ್ದರೂ ಬಾಯಿಬಿಟ್ಟು ಹೇಳಬೇಕು. ಯಾಕೆಂದರೆ ಆಶಾ ಕಾರ್ಯಕರ್ತೆ ಜೊತೆಯಲ್ಲಿ ಬಂದಾಗ ಜನ ಅಧ್ಯಯನವನ್ನೇ ಸರ್ಕಾರದ ಹುಕುಂ ಎಂದುಕೊಳ್ಳುತ್ತಾರೆ.

ಮಗುವನ್ನೂ ಕೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಮಕ್ಕಳ ಸಂಶೋಧನೆಗೆಂದೇ ಪ್ರತ್ಯೇಕ ಮಾರ್ಗಸೂಚಿ ತಂದಿದೆ. ಏಳು ತುಂಬಿದ ಮಗುವಿನ ಬಾಯಿಮಾತಿನ ಒಪ್ಪಿಗೆ, ಹನ್ನೆರಡು ದಾಟಿದವರದಾದರೆ ಬರಹದಲ್ಲಿ. ನಮ್ಮ ಕಡೆ ಅಪ್ಪಂದಿರು "ಅವನ್ನೇನ್ ಕೇಳ್ತೀರ ಬಿಡಿ ಮೇಡಂ" ಅನ್ನುತ್ತಾರೆ. ಕೇಳಿ. ಸೂಜಿ ಚುಚ್ಚಿಸಿಕೊಳ್ಳುವುದು ಅಪ್ಪನ ಕೈಯಲ್ಲ.

ಇನ್ನೊಂದು ಮಾತು. 2023ರ ನವೆಂಬರಿನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾಗಿ ರಾಜ್ಯವೆಲ್ಲ ಸುದ್ದಿಯಾಯಿತಲ್ಲ, ಅಂಥದ್ದಾದ ಮೇಲೆ ಫೈಲು ಹಿಡಿದು ಬಂದು "ಎಷ್ಟನೇ ತಿಂಗಳು, ಮೊದಲೆರಡು ಹೆಣ್ಣೇ?" ಎಂದು ಕೇಳುವ ಹೆಂಗಸನ್ನು ಜನ ನಂಬುವುದಾದರೂ ಹೇಗೆ? ಆ ಅನುಮಾನ ನ್ಯಾಯವಾದದ್ದು. ಹೆಣ್ಣೋ ಗಂಡೋ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ, ಅಧ್ಯಯನಕ್ಕೆ ಬೇಕಿಲ್ಲದಿದ್ದರೆ ಕೇಳಲೇಬೇಡಿ.

4. ಮುದ್ದೆಗೆ ಅಳತೆಯಿಲ್ಲ

ನಿನ್ನೆ ಬೆಳಗಿನಿಂದ ರಾತ್ರಿವರೆಗೆ ಮಗು ಏನೇನು ತಿಂದಿತು ಎಂದು ಕೇಳುವ ಪ್ರಶ್ನಾವಳಿ ಇರುತ್ತದೆ. ಬೆಂಗಳೂರಿನಲ್ಲಿ ಕೂತು ಮಾಡಿದ ಫಾರ್ಮಿನಲ್ಲಿ "ರಾಗಿಮುದ್ದೆ: ಸಣ್ಣ / ಮಧ್ಯಮ / ದೊಡ್ಡ" ಎಂದಿರುತ್ತದೆ. ಮಂಡ್ಯದಲ್ಲಿ ಈ ಪ್ರಶ್ನೆಗೆ ಅರ್ಥವಿಲ್ಲ. ಗದ್ದೆಗೆ ಹೋಗುವ ಮನೆಯ ಸಣ್ಣ ಮುದ್ದೆ ಪೇಟೆ ಮನೆಯ ದೊಡ್ಡ ಮುದ್ದೆಗಿಂತ ದೊಡ್ಡದು. ಅಡುಗೆಮನೆಯ ತಕ್ಕಡಿ ಒಯ್ದು, ಆ ಮನೆಯಲ್ಲಿ ಕಟ್ಟಿದ ಮುದ್ದೆಯನ್ನೇ ತೂಗಿ ಬರೆಯುವುದೊಂದೇ ದಾರಿ. ಮಗುವಿಗೆ ಬೇರೆ ತಟ್ಟೆ ಇಡುವುದಿಲ್ಲ, ಅಮ್ಮನ ತಟ್ಟೆಯಿಂದಲೇ ತುತ್ತು. ಎಷ್ಟು ತುತ್ತು, ಬರೀ ಬಸ್ಸಾರಿನ ಕಟ್ಟೋ, ಕಾಳುಸೊಪ್ಪಿನ ಪಲ್ಯವೂ ಹೋಯಿತೋ, ಇದು ಮುಖ್ಯ. ಬರೀ ಉಪ್ಸಾರಿನಲ್ಲಿ ಅದ್ದಿ ನುಂಗಿಸಿದ್ದಕ್ಕೂ ಕಾಳು ತಿಂದದ್ದಕ್ಕೂ ಪ್ರೋಟೀನಿನ ಲೆಕ್ಕದಲ್ಲಿ ಅಜಗಜಾಂತರ.

ತಾಯಿ ಹೇಳದೆ ಬಿಡುವುದು ಅಂಗಡಿ ತಿಂಡಿಯನ್ನು. ಐದು ರೂಪಾಯಿ ಪ್ಯಾಕೆಟ್ಟಿನ ಲೆಕ್ಕ ಅಣ್ಣನನ್ನೋ ಅಕ್ಕನನ್ನೋ ಕೇಳಿದರೆ ಪೂರ್ತಿ ಸಿಗುತ್ತದೆ.

5. ವಿಳಾಸಕ್ಕಿಂತ ತವರುಮನೆ ಮುಖ್ಯ

ವರ್ಷಗಟ್ಟಲೆ ನಡೆಯುವ ಅಧ್ಯಯನದ ದೊಡ್ಡ ಶತ್ರು ಕಾಯಿಲೆಯಲ್ಲ, ಮಗು ಕೈತಪ್ಪಿ ಹೋಗುವುದು. ಏಳನೇ ತಿಂಗಳಲ್ಲಿ ದುದ್ದದಲ್ಲಿ ನೋಂದಾಯಿಸಿದ ಹುಡುಗಿ ಹೆರಿಗೆಗೆ ಮಳವಳ್ಳಿಯ ತವರಿಗೆ ಹೋಗಿ, ಬಾಣಂತನ ಮುಗಿಸಿ, ಅಲ್ಲಿಂದ ಗಂಡ ಕೆಲಸ ಮಾಡುವ ಬೆಂಗಳೂರಿನ ಬಾಡಿಗೆ ಮನೆ ಸೇರಿರುತ್ತಾಳೆ. ಮೊದಲ ದಿನವೇ ತವರಿನ ಊರು, ಅಣ್ಣನ ನಂಬರು, ಊರಿನ ಅಂಗನವಾಡಿ ಟೀಚರ ನಂಬರು ಬರೆದುಕೊಳ್ಳಿ. ಸಿಮ್ ಬದಲಾಗುತ್ತದೆ, ಅಣ್ಣ ಬದಲಾಗುವುದಿಲ್ಲ. ತಾಯಿ ಕಾರ್ಡಿನ ಸಂಖ್ಯೆಯೂ ಇರಲಿ.

ಹೋಗುವ ಹೊತ್ತು ಗೊತ್ತಿರಬೇಕು. ಬೆಳಗ್ಗೆ, ಸಾಯಂಕಾಲ ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಯಾರೂ ಮಾತಿಗೆ ಸಿಗುವುದಿಲ್ಲ. ಗಾರ್ಮೆಂಟ್ಸಿಗೆ ಹೋಗುವ ತಾಯಂದಿರು ಭಾನುವಾರ ಮಾತ್ರ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ಆ ವಾರದ ಪಟ್ಟಿಯನ್ನು ಮಡಚಿಡುವುದೇ ಮೇಲು.

6. ಮಗುವನ್ನು ನೋಡಲು ಹೋದವರು ಕೊಟ್ಟಿಗೆಯನ್ನೂ ನೋಡಬೇಕು

ನಮ್ಮ ಜಿಲ್ಲೆಗೆ ಸಂಶೋಧನೆ ಹೊಸತಲ್ಲ. 1983ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಜಪಾನಿ ಮಿದುಳು ಜ್ವರ ಹಬ್ಬಿದಾಗ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಇಲ್ಲಿಯ ಸೊಳ್ಳೆಗಳ ಅಧ್ಯಯನ ಮಾಡಿದರು. ಈ ಜ್ವರ ಮುಖ್ಯವಾಗಿ ಬಡಿಯುವುದು ಮಕ್ಕಳನ್ನು. ವೈರಾಣು ಹೆಚ್ಚುವುದು ಹಂದಿ, ಕೊಕ್ಕರೆ ಜಾತಿಯ ಹಕ್ಕಿಗಳ ಮೈಯಲ್ಲಿ. ಅದನ್ನು ಹೊರುವ ಕ್ಯುಲೆಕ್ಸ್ ಸೊಳ್ಳೆ ಮೊಟ್ಟೆಯಿಡುವುದು ನೀರು ನಿಂತ ಭತ್ತದ ಗದ್ದೆಯಲ್ಲಿ. ಆಸ್ಪತ್ರೆಯ ಹಾಸಿಗೆಯ ಪಕ್ಕ ಎಷ್ಟು ಹೊತ್ತು ಕೂತರೂ ಈ ಸರಪಳಿ ಕಾಣುವುದಿಲ್ಲ. ಮುಸ್ಸಂಜೆ ಟಾರ್ಚು ಹಿಡಿದು ದನದ ಕೊಟ್ಟಿಗೆಯಲ್ಲಿ ಸೊಳ್ಳೆ ಹಿಡಿಯುವುದೂ ಮಕ್ಕಳ ವೈದ್ಯಕೀಯ ಸಂಶೋಧನೆಯೇ. ವ್ಯವಸಾಯ ಗೊತ್ತಿರುವ ಹುಡುಗರು ಇಲ್ಲಿ ನಿಜಕ್ಕೂ ಮುಂದು. ಸಂದರ್ಶನದಲ್ಲಿ ಅದನ್ನು ನಾಚಿಕೊಂಡು ಮುಚ್ಚಿಡಬೇಡಿ.

7. ರಕ್ತ ಕಾಯುವುದಿಲ್ಲ

ತೆಗೆದ ರಕ್ತವನ್ನು ಕೆಡದ ಹಾಗೆ ಲ್ಯಾಬಿಗೆ ಮುಟ್ಟಿಸುವುದೂ ನಿಮ್ಮ ಕೆಲಸವೇ. ಐಸ್ ಪ್ಯಾಕ್ ಹಿಂದಿನ ರಾತ್ರಿಯೇ ಫ್ರೀಜರಿಗೆ. ಟ್ಯೂಬಿನ ಮೇಲೆ ನಂಬರು ಮಗುವಿನ ಮನೆಯಿಂದ ಏಳುವ ಮುಂಚೆ. ಕರೆಂಟು ಹೋದರೆ ರಕ್ತ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಎಲ್ಲಿ ತಿರುಗುತ್ತದೆ ಎಂಬುದು ಬೆಳಗ್ಗೆಯೇ ಗೊತ್ತಿರಬೇಕು.

8. ಫಲಿತಾಂಶ ಮನೆಗೆ ಬರಲೇಬೇಕು

ರಕ್ತ ತೆಗೆದುಕೊಂಡು ಹೋದವರು ಮತ್ತೆ ತಿರುಗಿ ನೋಡಲಿಲ್ಲ ಎಂಬ ದೂರು ಹಳ್ಳಿಗಳಲ್ಲಿ ಹಳೆಯದು. ಹಿಮೋಗ್ಲೋಬಿನ್ ಎಷ್ಟು ಬಂತು ಎಂಬ ಒಂದು ಚೀಟಿ ಕನ್ನಡದಲ್ಲಿ ಮನೆಗೆ ಹೋದರೆ ಮುಂದಿನ ವರ್ಷ ಕರೆಯದೆಯೇ ಬರುತ್ತಾರೆ. ತೀರಾ ಕಡಿಮೆ ಬಂದ ಮಗುವನ್ನು ಅಧ್ಯಯನ ಮುಗಿಯಲಿ ಎಂದು ಕಾಯಿಸುವ ಹಾಗಿಲ್ಲ, ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಬೇಕಾದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಕಳಿಸಿ. ಆದರೆ ನೀವೇ ಡಾಕ್ಟರಾಗಬೇಡಿ. "ಸಿಸ್ಟರ್, ಒಂದು ಟಾನಿಕ್ ಬರ್ಕೊಡಿ" ಎಂದು ಎಷ್ಟು ಪ್ರೀತಿಯಿಂದ ಕೇಳಿದರೂ ಬರೆಯಬಾರದು. ಅಂದಿನ ಕೂಲಿ, ಬಸ್ ಚಾರ್ಜು ಕೊಡುವುದು ನ್ಯಾಯ. ಅದಕ್ಕಿಂತ ಹೆಚ್ಚು ಕೊಟ್ಟರೆ ದುಡ್ಡಿಗಾಗಿ ಮಗುವನ್ನು ಕರೆತರುತ್ತಾರೆ. ಇವೆರಡರ ನಡುವಿನ ಗೆರೆಯನ್ನು ಎಥಿಕ್ಸ್ ಕಮಿಟಿ ಎಳೆಯಲಿ, ನೀವು ಜಗಲಿಯಲ್ಲಿ ನಿಂತು ಎಳೆಯಬೇಡಿ.

9. ಸೇರುವ ಮುಂಚೆ ಕೇಳಿ

ಈ ಕೆಲಸಗಳೆಲ್ಲ ಬಹುಮಟ್ಟಿಗೆ ಗುತ್ತಿಗೆ. ಅನುದಾನ ಇರುವವರೆಗೆ ಸಂಬಳ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಂಥ ದೊಡ್ಡ ಹೆಸರು ಕೇಳಿದ ತಕ್ಷಣ ಕಾಯಂ ನೌಕರಿ ಎಂದು ಮನೆಯವರು ಹಿಗ್ಗುತ್ತಾರೆ. ಅವರಿಗೆ ಮೊದಲೇ ಬಿಡಿಸಿ ಹೇಳಿ. ಸಂದರ್ಶನದಲ್ಲಿ ಕೇಳಬೇಕಾದ್ದು: ಅನುದಾನ ಇನ್ನೆಷ್ಟು ತಿಂಗಳಿದೆ? ಗಾಡಿಯ ಪೆಟ್ರೋಲು ಯಾರದು? ಒಂಟಿಯಾಗಿ ಹಳ್ಳಿಗೆ ಕಳಿಸುತ್ತಾರೋ, ಜೋಡಿಯಾಗಿಯೋ? ಡೇಟಾ ನಮೂದಿಸುವುದನ್ನು, ಲ್ಯಾಬಿನ ಕೆಲಸವನ್ನು ಕಲಿಸುತ್ತಾರೋ, ಬರೀ ಊರು ಸುತ್ತಿಸುತ್ತಾರೋ?

ಪ್ರಬಂಧದ ಲೇಖಕರ ಪಟ್ಟಿಯಲ್ಲಿ ನಿಮ್ಮ ಹೆಸರು ಬರುವುದು ಅಪರೂಪ. ಅದಕ್ಕೆ ವಿಜ್ಞಾನ ಪತ್ರಿಕೆಗಳ ನಿಯಮಗಳಿವೆ, ಬರಹದಲ್ಲಿ ಪಾಲು ಇರಬೇಕು. ಕೃತಜ್ಞತೆಯ ಸಾಲಿನಲ್ಲಿ "ಕ್ಷೇತ್ರ ಸಿಬ್ಬಂದಿಗೆ" ಎಂದು ಒಟ್ಟಾಗಿ ಮುಗಿಸಿಬಿಡುವುದು ರೂಢಿ. ಹೆಸರು ಹಾಕಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ, ಕರಡು ತಯಾರಾಗುವ ಹೊತ್ತಿಗೇ ಕೇಳಬೇಕು. ಅಚ್ಚಾದ ಮೇಲೆ ಯಾರೂ ತಿದ್ದುವುದಿಲ್ಲ.