ಐದು ರೂಪಾಯಿಯ ಪೊಟ್ಟಣ

ಹಲಸೂರಿನ ಗಲ್ಲಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನೋಡಿ: ಯೂನಿಫಾರ್ಮ್ ತೊಟ್ಟ ಪುಟ್ಟ ಹುಡುಗಿ, ಕೈಯಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣ, ಬೆರಳಿಗೆಲ್ಲ ಮೆತ್ತಿದ ಕಿತ್ತಳೆ ಬಣ್ಣದ ಮಸಾಲೆ. ಮನೆಯಲ್ಲಿ ಹೊಟ್ಟೆಗೆ ಬಿದ್ದದ್ದು ಬರೀ ಟೀ. ಅಮ್ಮ ಆರು ಗಂಟೆಗೇ ಇಂದಿರಾನಗರಕ್ಕೆ ಮನೆಗೆಲಸಕ್ಕೆ ಹೊರಟಿರುತ್ತಾಳೆ. ಅವಳನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಆದರೂ ಅಕ್ಕಂದಿರೇ, ಅಣ್ಣಂದಿರೇ, ಒಂದು ಮಾತು. ಆ ಐದು ರೂಪಾಯಿಗೆ ಹುರಿದ ಕಡಲೆಕಾಯಿಯನ್ನೋ ಬಾಳೆಹಣ್ಣನ್ನೋ ಕೊಡಿಸಿ. ರಾತ್ರಿಯೇ ರಾಗಿ ಅಂಬಲಿ ಕಾಯಿಸಿಟ್ಟರೆ, ಬೆಳಿಗ್ಗೆ ಮಜ್ಜಿಗೆ, ಉಪ್ಪು ಬೆರೆಸಿಕೊಂಡು ಮಗು ತಾನೇ ಕುಡಿಯುತ್ತದೆ. ಊಟದ ಜೊತೆಗೆ ಟೀ ಬೇಡವೇ ಬೇಡ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ಅದು ಬಿಡುವುದಿಲ್ಲ. ಬಸ್ಸಾರಿಗೆ ಅರ್ಧ ಹೋಳು ನಿಂಬೆ ಹಿಂಡಿ, ಚೆನ್ನಾಗಿ ಹತ್ತುತ್ತದೆ. ಶಿವಾಜಿನಗರದ ಕಡೆಯವರು ಸೊಪ್ಪಿಗೆ ರಸೆಲ್ ಮಾರ್ಕೆಟ್ಟಿನತ್ತ ಒಮ್ಮೆ ಹೋಗಿಬನ್ನಿ.

ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಬಿಸಿಯೂಟವಿದೆ. 2013ರಿಂದ ಕ್ಷೀರಭಾಗ್ಯ ಯೋಜನೆಯ ಹಾಲಿದೆ. 2024ರಲ್ಲಿ ಮೊಟ್ಟೆಯನ್ನು ವಾರಕ್ಕೆ ಆರು ದಿನಕ್ಕೆ ಏರಿಸಿದರು. ತಿನ್ನದವರಿಗೆ ಬಾಳೆಹಣ್ಣು ಇಲ್ಲವೇ ಚಿಕ್ಕಿ. 'ಬಿಟ್ಟಿ ಊಟ' ಎಂದು ಆಡಿ ಮಕ್ಕಳಲ್ಲಿ ಸಂಕೋಚ ಹುಟ್ಟಿಸಬೇಡಿ, ಅದು ಅವರ ಹಕ್ಕಿನ ಅನ್ನ. ಸಂಜೆ ಮನೆಗೆ ಬಂದಾಗ ತಲೆ ಸವರಿ ಕೇಳಿ: "ಇವತ್ತು ಮೊಟ್ಟೆ ತಿಂದ್ಯಾ ಕಂದಾ?"