ಹಿಮನಾಡಿನ ಹರೆಯದವರ ದಂತಾರೋಗ್ಯ: ಸಮುದಾಯ ಸೇವೆಯ ಒಂದು ಅಧ್ಯಯನ

ದೇಹಾರೋಗ್ಯದ ವಿಚಾರದಲ್ಲಿ ಕಣ್ಣು, ಹೃದಯ, ಶ್ವಾಸಕೋಶಗಳಿಗೆ ಸಲ್ಲುವ ಗಮನ ಹಲ್ಲುಗಳಿಗೆ ಸಲ್ಲುವುದು ವಿರಳ. ನೋವು ಕಾಣಿಸಿಕೊಂಡಾಗಲೇ ಹಲ್ಲಿನ ನೆನಪು. ಆದರೆ ವಿದ್ಯಾರ್ಥಿ ದೆಸೆಯಲ್ಲಿರುವವರಿಗೆ ಹಲ್ಲುನೋವೆಂಬುದು ಊಟ, ನಿದ್ರೆ, ಪಾಠ ಮೂರನ್ನೂ ಕೆಡಿಸುವ ವ್ಯಾಧಿ. ಹರೆಯಕ್ಕೆ ಕಾಲಿಡುವ ಬಾಲಕ ಬಾಲಿಕೆಯರು ಮುಂದಿನ ಹಲ್ಲುಗಳನ್ನು ಕಳೆದುಕೊಂಡರೆ ಮಾತನಾಡಲು ಸಂಕೋಚ, ನಗಲು ಸಂಕೋಚ. ವೈದ್ಯರು ಸುಲಭವಾಗಿ ತಲುಪಲಾಗದ ನಾಡಿನಲ್ಲಿ ಈ ವ್ಯಾಧಿಯನ್ನು ಎದುರಿಸುವುದು ಹೇಗೆ ಎಂಬ ಪ್ರಶ್ನೆಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಅಲಾಸ್ಕಾದ ಮೂಲನಿವಾಸಿಗಳು ಕಂಡುಕೊಂಡ ಉತ್ತರವು ಶಿಕ್ಷಣ ಕ್ಷೇತ್ರದಲ್ಲಿರುವವರೆಲ್ಲರೂ ಅಭ್ಯಸಿಸತಕ್ಕದ್ದಾಗಿದೆ.

ನಾಡು ಮತ್ತು ಜನ

ಅಲಾಸ್ಕಾದ ನೈಋತ್ಯ ಭಾಗದಲ್ಲಿ ಯೂಕಾನ್ ಮತ್ತು ಕುಸ್ಕೊಕ್ವಿಮ್ ಎಂಬ ಎರಡು ಮಹಾನದಿಗಳು ಬೇರಿಂಗ್ ಸಮುದ್ರವನ್ನು ಸೇರುತ್ತವೆ. ಈ ನದೀಮುಖ ಪ್ರದೇಶದ ಆರೋಗ್ಯ ಸೇವಾ ವಲಯವು ವಿಸ್ತಾರದಲ್ಲಿ ಹೆಚ್ಚುಕಡಿಮೆ ಇಡೀ ಕರ್ನಾಟಕ ರಾಜ್ಯಕ್ಕೆ ಸಮ. ಆದರೆ ಅಲ್ಲಿ ಐವತ್ತರಷ್ಟು ಸಣ್ಣ ಹಳ್ಳಿಗಳು ಮಾತ್ರ ಇವೆ. ಅವುಗಳಲ್ಲಿ ವಾಸಿಸುವವರಲ್ಲಿ ಬಹುಪಾಲು ಜನ, ಹೊರಗಿನವರು ಹಿಂದೆ ಎಸ್ಕಿಮೋ ಎಂದು ಕರೆಯುತ್ತಿದ್ದ ಯೂಪಿಕ್ ಜನಾಂಗದವರು. ವಲಯದ ಕೇಂದ್ರವಾದ ಬೆಥೆಲ್ ಪಟ್ಟಣಕ್ಕೆ ಹೊರ ಜಗತ್ತಿನಿಂದ ರಸ್ತೆಯೇ ಇಲ್ಲ. ಸಣ್ಣ ವಿಮಾನ, ಬೇಸಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲಿನ ಹಾದಿ, ಇವೇ ಸಂಚಾರ ಸಾಧನಗಳು.

ಈ ಜನರ ಹಲ್ಲುಗಳು ಮೊದಲಿನಿಂದಲೂ ದುರ್ಬಲವಾಗಿದ್ದವಲ್ಲ. ಸಾಲ್ಮನ್ ಮೀನು, ಸೀಲ್ ಮಾಂಸ, ಕಾಡುಹಣ್ಣುಗಳು ಅವರ ಪಾರಂಪರಿಕ ಆಹಾರ. 1930ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಥಿಯೊಡೋರ್ ರೋಸ್‌ಬರಿ ಮೊದಲಾದವರು ಕುಸ್ಕೊಕ್ವಿಮ್ ಪ್ರದೇಶದ ಜನರ ಹಲ್ಲುಗಳನ್ನು ಪರೀಕ್ಷಿಸಿದರು. ಪಾರಂಪರಿಕ ಆಹಾರದಲ್ಲೇ ಉಳಿದಿದ್ದವರಲ್ಲಿ ಹುಳುಕು ಹಲ್ಲು ವಿರಳವೆಂದೂ, ಅಂಗಡಿಯ ಹಿಟ್ಟು ಸಕ್ಕರೆಗಳು ಬಳಕೆಗೆ ಬಂದಿದ್ದ ಕಡೆ ಅದು ಹೆಚ್ಚೆಂದೂ ಅವರ ಅಧ್ಯಯನದಿಂದ ತಿಳಿದುಬಂದಿತು. ಮುಂದೆ ಸಿಹಿ ಸೋಡಾ ಪಾನೀಯಗಳು ಹಳ್ಳಿ ಹಳ್ಳಿಯನ್ನೂ ತಲುಪಿದವು. ಸಕ್ಕರೆ ಬಂದಷ್ಟು ಸುಲಭವಾಗಿ ದಂತವೈದ್ಯರು ಬರಲಿಲ್ಲ.

ವ್ಯಾಧಿಯ ಸ್ವರೂಪ

ಬಾಯಿಯಲ್ಲಿ ನೆಲೆಸಿರುವ ಕೆಲವು ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿ ಪರಿವರ್ತಿಸುತ್ತವೆ. ಈ ಆಮ್ಲವು ಹಲ್ಲಿನ ಹೊರಕವಚವಾದ ಎನಾಮೆಲ್‌ನಿಂದ ಖನಿಜಾಂಶವನ್ನು ಕರಗಿಸುತ್ತದೆ. ಜೊಲ್ಲು ನಿಧಾನವಾಗಿ ಆ ನಷ್ಟವನ್ನು ತುಂಬಿಕೊಡುತ್ತದೆ. ಫ್ಲೋರೈಡ್ ಈ ದುರಸ್ತಿಗೆ ನೆರವಾಗುತ್ತದೆ. ದಿನವಿಡೀ ಸಿಹಿಪಾನೀಯವನ್ನು ಗುಟುಕು ಗುಟುಕಾಗಿ ಹೀರುತ್ತಿದ್ದರೆ ದುರಸ್ತಿಗೆ ಬಿಡುವೇ ಇಲ್ಲದೆ ಹಲ್ಲಿನಲ್ಲಿ ಕುಳಿ ಬೀಳುತ್ತದೆ. ಹರೆಯದ ಆರಂಭವು ಈ ದೃಷ್ಟಿಯಿಂದ ಅಪಾಯದ ಕಾಲ. ಸುಮಾರು 12ನೆಯ ವಯಸ್ಸಿಗೆ ಎರಡನೆಯ ಶಾಶ್ವತ ದವಡೆ ಹಲ್ಲುಗಳು ಮೂಡುತ್ತವೆ. ಹೊಸದಾಗಿ ಮೂಡಿದ ಹಲ್ಲಿನ ಕವಚ ಇನ್ನೂ ಪೂರ್ಣವಾಗಿ ಗಟ್ಟಿಗೊಂಡಿರುವುದಿಲ್ಲ. ಅದರ ಮೇಲ್ಮೈಯ ಆಳವಾದ ಗೆರೆಗಳಲ್ಲಿ ಆಹಾರದ ಕಣಗಳು ಸಿಕ್ಕಿಕೊಳ್ಳುತ್ತವೆ. ತಂದೆತಾಯಿಗಳ ಕಣ್ಗಾವಲು ಸಡಿಲವಾಗಿ, ಕೈಯಲ್ಲಿ ಸ್ವಲ್ಪ ಕಾಸು ಓಡಾಡತೊಡಗುವುದೂ ಅದೇ ವಯಸ್ಸಿನಲ್ಲಿಯೇ.

2008ರಲ್ಲಿ ಈ ವಲಯದ 5 ಹಳ್ಳಿಗಳಲ್ಲಿ 4ರಿಂದ 15 ವರ್ಷದ 348 ಮಕ್ಕಳನ್ನು ಪರೀಕ್ಷಿಸಲಾಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2011ರಲ್ಲಿ ಪ್ರಕಟಿಸಿದ ಅದರ ಫಲಿತಾಂಶದ ಪ್ರಕಾರ 12ರಿಂದ 15 ವರ್ಷದವರಲ್ಲಿ ಶೇಕಡ 91 ಮಂದಿಗೆ ದಂತಕ್ಷಯದ ಬಾಧೆ ತಟ್ಟಿತ್ತು. ಅದೇ ವಯಸ್ಸಿನ ಅಮೆರಿಕದ ಮಕ್ಕಳಲ್ಲಿ ಈ ಪ್ರಮಾಣ ಶೇಕಡ 51. ಬಾಧೆಗೊಳಗಾದ ಹಲ್ಲುಗಳ ಸರಾಸರಿ ಅಲ್ಲಿ 5.0 ಆಗಿದ್ದರೆ ದೇಶದ ಸರಾಸರಿ 1.8. ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಕೊರತೆ ಮತ್ತು ಸೋಡಾ ಪಾನೀಯದ ಸೇವನೆ, ಇವೆರಡೂ ವ್ಯಾಧಿಯ ತೀವ್ರತೆಯೊಡನೆ ನೇರ ಸಂಬಂಧ ಹೊಂದಿದ್ದವು.

ಊರಿನ ಮಕ್ಕಳೇ ಊರಿಗೆ ಚಿಕಿತ್ಸಕರು

ಅಲಾಸ್ಕಾದಲ್ಲಿ ಹಳ್ಳಿಯವರನ್ನೇ ಆರೋಗ್ಯ ಸೇವೆಗೆ ಸಿದ್ಧಗೊಳಿಸುವ ಸಂಪ್ರದಾಯ ಹಳೆಯದು. ಕ್ಷಯರೋಗ ವ್ಯಾಪಿಸಿದ್ದ ಕಾಲದಲ್ಲಿ ಊರಿನ ಸ್ವಯಂಸೇವಕರು ಮನೆಮನೆಗೆ ಔಷಧಿ ತಲುಪಿಸುತ್ತಿದ್ದರು. 1968ರಲ್ಲಿ ಅದು ಗ್ರಾಮ ಆರೋಗ್ಯ ಸಹಾಯಕರ ವ್ಯವಸ್ಥಿತ ಯೋಜನೆಯಾಯಿತು. ಇದೇ ತತ್ತ್ವವನ್ನು ದಂತ ಚಿಕಿತ್ಸೆಗೂ ಅನ್ವಯಿಸಬಾರದೇಕೆ ಎಂಬ ಆಲೋಚನೆ ಮೂಲನಿವಾಸಿಗಳ ಆರೋಗ್ಯ ಸಂಸ್ಥೆಗಳಲ್ಲಿ ಮೂಡಿತು.

ಇದಕ್ಕೆ ಮಾದರಿಯಾಗಿ ದೊರೆತದ್ದು ನ್ಯೂಜಿಲೆಂಡ್. ಅಲ್ಲಿ ಥಾಮಸ್ ಹಂಟರ್ ಎಂಬ ದಂತವೈದ್ಯರ ಪ್ರಯತ್ನದಿಂದ 1921ರಷ್ಟು ಹಿಂದೆಯೇ ಶಾಲಾ ದಂತ ದಾದಿಯರ ಶಿಕ್ಷಣ ಆರಂಭವಾಗಿತ್ತು. ಮಕ್ಕಳಿರುವ ಶಾಲೆಯೇ ಚಿಕಿತ್ಸಾಲಯವಾಗಬೇಕೆಂಬುದು ಆ ಯೋಜನೆಯ ತಿರುಳು. 2003ರಲ್ಲಿ ಅಲಾಸ್ಕಾದ ಮೊದಲ ತಂಡದ ಅಭ್ಯರ್ಥಿಗಳು ಭೂಗೋಳದ ಮತ್ತೊಂದು ತುದಿಯಲ್ಲಿರುವ ಒಟಾಗೊ ವಿಶ್ವವಿದ್ಯಾಲಯಕ್ಕೆ ತೆರಳಿ ಎರಡು ವರ್ಷದ ಶಿಕ್ಷಣ ಪಡೆದು ಹಿಂದಿರುಗಿದರು. 2007ರಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಅಲಾಸ್ಕಾದಲ್ಲೇ ಶಿಕ್ಷಣ ಆರಂಭಗೊಂಡಿತು.

ಪ್ರೌಢಶಿಕ್ಷಣ ಮುಗಿಸಿದ ಸ್ಥಳೀಯ ಯುವಕ ಯುವತಿಯರಿಗೆ ಎರಡು ವರ್ಷದ ಪಾಠ ಪ್ರಯೋಗಗಳಾದ ಮೇಲೆ, ದಂತವೈದ್ಯರೊಬ್ಬರ ಪ್ರತ್ಯಕ್ಷ ಮೇಲ್ವಿಚಾರಣೆಯಲ್ಲಿ ಕನಿಷ್ಠ 400 ಗಂಟೆಗಳ ಸೇವೆ ಕಡ್ಡಾಯ. ಆ ಬಳಿಕವೇ ಅರ್ಹತಾ ಪತ್ರ. ಅದನ್ನೂ ಎರಡು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಹಲ್ಲು ಶುಚಿಗೊಳಿಸುವುದು, ಫ್ಲೋರೈಡ್ ಲೇಪಿಸುವುದು, ದವಡೆ ಹಲ್ಲಿನ ಗೆರೆಗಳನ್ನು ರಕ್ಷಣಾ ಲೇಪದಿಂದ ಮುಚ್ಚುವುದು, ಕುಳಿ ತುಂಬುವುದು, ಸರಳ ಸಂದರ್ಭಗಳಲ್ಲಿ ಹಲ್ಲು ಕೀಳುವುದು ಅವರ ಕರ್ತವ್ಯಗಳು. ಕ್ಲಿಷ್ಟ ಪ್ರಸಂಗಗಳಲ್ಲಿ ದೂರದಲ್ಲಿರುವ ದಂತವೈದ್ಯರ ಸಲಹೆ ಪಡೆಯುತ್ತಾರೆ.

ಇಲ್ಲಿ ಮುಖ್ಯವಾದುದು ಕೌಶಲ್ಯ ಮಾತ್ರವಲ್ಲ, ಬಾಂಧವ್ಯ. ವರ್ಷಕ್ಕೊಮ್ಮೆ ವಿಮಾನದಿಂದಿಳಿದು, ಕೆಟ್ಟ ಹಲ್ಲು ಕಿತ್ತು ಹೋಗುವ ಅಪರಿಚಿತರ ಉಪದೇಶಕ್ಕೆ ಹರೆಯದವರು ಕಿವಿಗೊಡುವುದು ಕಷ್ಟ. ಅವರ ಭಾಷೆಯನ್ನೂ ಮನೆತನವನ್ನೂ ಅರಿತ, ಅದೇ ನೆಲದಲ್ಲಿ ಬೆಳೆದ ಅಕ್ಕನೋ ಅಣ್ಣನೋ ಹೇಳಿದ ಮಾತಿಗೆ ಬೇರೆಯೇ ತೂಕವುಂಟು. ಅಂಥವರನ್ನು ಕಂಡ ವಿದ್ಯಾರ್ಥಿಗೆ ತಾನೂ ಹೀಗಾಗಬಹುದೆಂಬ ಆಸೆ ಚಿಗುರುವುದೂ ಸಹಜ.

ವಿರೋಧ ಮತ್ತು ಫಲ

ಈ ಯೋಜನೆ ನಿರಾತಂಕವಾಗಿ ಸಾಗಲಿಲ್ಲ. ಪೂರ್ಣ ವೈದ್ಯ ಶಿಕ್ಷಣವಿಲ್ಲದವರು ಹಲ್ಲು ಕೊರೆಯುವುದು, ಕೀಳುವುದು ರೋಗಿಗಳಿಗೆ ಅಪಾಯಕರ ಹಾಗೂ ಕಾನೂನುಬಾಹಿರವೆಂದು ವಾದಿಸಿ ಅಮೆರಿಕದ ದಂತವೈದ್ಯ ಸಂಘವೂ ಅಲಾಸ್ಕಾದ ಸಂಘವೂ 2006ರಲ್ಲಿ ನ್ಯಾಯಾಲಯದ ಮೊರೆಹೊಕ್ಕವು. ಬಡವರಿಗೆ ಎರಡನೆಯ ದರ್ಜೆಯ ಚಿಕಿತ್ಸೆ ಸಾಕೆಂಬ ಧೋರಣೆ ಬೆಳೆಯಬಾರದೆಂಬ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಹಳ್ಳಿಗಳ ಮುಂದಿದ್ದ ಆಯ್ಕೆ ವೈದ್ಯರೋ ಸಹಾಯಕರೋ ಎಂಬುದಾಗಿರಲಿಲ್ಲ. ಸಹಾಯಕರೋ ಅಥವಾ ಯಾರೂ ಇಲ್ಲವೋ ಎಂಬುದಾಗಿತ್ತು. 2007ರಲ್ಲಿ ನ್ಯಾಯಾಲಯದ ತೀರ್ಪು ಯೋಜನೆಯ ಪರವಾಗಿ ಬಂದು, ಬಳಿಕ ವ್ಯಾಜ್ಯವು ರಾಜಿಯಲ್ಲಿ ಮುಕ್ತಾಯವಾಯಿತು.

2010ರಲ್ಲಿ ಪ್ರಕಟವಾದ ಸ್ವತಂತ್ರ ಮೌಲ್ಯಮಾಪನವೊಂದು ಈ ಚಿಕಿತ್ಸಕರ ಕಾರ್ಯವು ಸುರಕ್ಷಿತವೂ ಸಮರ್ಥವೂ ಆಗಿದೆಯೆಂದು ಕಂಡುಕೊಂಡಿತು. ಯೂಕಾನ್-ಕುಸ್ಕೊಕ್ವಿಮ್ ವಲಯದ 2006ರಿಂದ 2015ರವರೆಗಿನ ದಾಖಲೆಗಳನ್ನು ಆಧರಿಸಿ 2018ರಲ್ಲಿ ಬಂದ ಅಧ್ಯಯನವು, ಅವರ ಸೇವೆ ಹೆಚ್ಚು ದಿನ ದೊರೆತ ಹಳ್ಳಿಗಳಲ್ಲಿ ರೋಗ ಬಾರದಂತೆ ತಡೆಯುವ ಚಿಕಿತ್ಸೆ ಹೆಚ್ಚಿದುದನ್ನೂ, ಎಳೆಯ ಮಕ್ಕಳ ಮುಂದಿನ ಹಲ್ಲುಗಳನ್ನೂ ವಯಸ್ಕರ ಶಾಶ್ವತ ಹಲ್ಲುಗಳನ್ನೂ ಕೀಳಬೇಕಾದ ಪ್ರಸಂಗಗಳು ಕಡಿಮೆಯಿದ್ದುದನ್ನೂ ತೋರಿಸಿತು. ಹಾಗೆಂದು ಎಲ್ಲವೂ ಸರಿಹೋಯಿತೆನ್ನಲಾಗದು. ಅಂಗಡಿಯಲ್ಲಿ ಸೋಡಾ ಇರುವ ತನಕ, ಮನೆಗಳಿಗೆ ಶುದ್ಧ ನೀರಿನ ಕೊಳಾಯಿ ಬಾರದ ತನಕ ಚಿಕಿತ್ಸಕರ ಶ್ರಮ ಅರ್ಧ ಮಾತ್ರ ಫಲಿಸೀತು.

ಶಾಲೆಗಳಿಗೆ ದೊರೆಯುವ ಪಾಠ

ಅಲಾಸ್ಕಾದ ಕ್ರಮವನ್ನು ಕರ್ನಾಟಕಕ್ಕೆ ಹಾಗೆಯೇ ತರಲಾಗದು. ಅಲ್ಲಿ ನೀರಿಗೆ ಫ್ಲೋರೈಡ್ ಸೇರಿಸಬೇಕಾಗಿದ್ದರೆ, ಕರ್ನಾಟಕದ ಹಲವು ಬಯಲುಸೀಮೆ ಜಿಲ್ಲೆಗಳ ಅಂತರ್ಜಲದಲ್ಲಿ ಅದು ಅತಿಯಾಗಿ, ಹಲ್ಲಿನ ಮೇಲೆ ಕಂದು ಕಲೆ ಮೂಡಿಸುವ ಫ್ಲೋರೋಸಿಸ್ ಕಾಣಿಸಿಕೊಂಡಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಲೇಬಾರದು. ಆದ್ದರಿಂದ ಶಾಲೆಯ ಕೊಳವೆಬಾವಿಯ ನೀರನ್ನು ಪರೀಕ್ಷಿಸುವುದೇ ಇಲ್ಲಿ ಮೊದಲ ಹೆಜ್ಜೆ.

ಆದರೆ ಅಲ್ಲಿನ ತತ್ತ್ವ ಎಲ್ಲೆಡೆಗೂ ಸಲ್ಲುತ್ತದೆ. ಉಚಿತ ಪ್ರಸಾದ ನಿಲಯಗಳಲ್ಲಿ ನೂರಾರು ಮಕ್ಕಳು ಒಂದೇ ಸೂರಿನಡಿ ಉಂಡು ಮಲಗುತ್ತಾರೆ. ಬೆಳಿಗ್ಗೆಯಂತೆ ರಾತ್ರಿಯೂ ಹಲ್ಲುಜ್ಜುವುದನ್ನು ಸಾಮೂಹಿಕ ನಿತ್ಯವಿಧಿಯಾಗಿಸುವುದು, ಹಿರಿಯ ವಿದ್ಯಾರ್ಥಿಗಳಿಗೆ ಕಿರಿಯರ ಹೊಣೆ ವಹಿಸುವುದು, ಶಾಲೆಯ ಆವರಣದಿಂದ ಸಿಹಿಪಾನೀಯಗಳನ್ನು ದೂರವಿಡುವುದು, 12ನೆಯ ವಯಸ್ಸಿನಲ್ಲಿ ಪ್ರತಿಯೊಬ್ಬರ ದವಡೆ ಹಲ್ಲುಗಳ ತಪಾಸಣೆ ನಡೆಸುವುದು, ಇವಾವುವೂ ಅಪಾರ ಧನವನ್ನು ಬೇಡುವ ಕಾರ್ಯಗಳಲ್ಲ. ದಾನಿಗಳು ಕಟ್ಟಡಕ್ಕೆ ನೀಡುವ ಕಲ್ಲು ಕಣ್ಣಿಗೆ ಕಾಣುತ್ತದೆ. ಹುಳುಕಾಗದೆ ಉಳಿದ ಹಲ್ಲು ಯಾವ ಫಲಕದ ಮೇಲೂ ಕಾಣುವುದಿಲ್ಲ. ಆದರೂ ಎರಡೂ ದಾಸೋಹವೇ. ಸೇವೆಯನ್ನು ಪಡೆದ ಸಮುದಾಯವೇ ಸೇವೆ ಮಾಡಲು ಸಿದ್ಧವಾದಾಗ ಆ ದಾಸೋಹ ಪೂರ್ಣವಾಗುತ್ತದೆ ಎಂಬುದನ್ನು ಹಿಮನಾಡಿನ ಆ ತರುಣ ಚಿಕಿತ್ಸಕರು ತಮ್ಮ ಕಾಯಕದಿಂದ ತೋರಿಸಿಕೊಟ್ಟಿದ್ದಾರೆ.