ಹೊಲಿಗೆ ಬಿಚ್ಚಿದ ಮೇಲೆ

ಚಿ. ರಶ್ಮಿಗೆ, ಮೈಸೂರಿನಿಂದ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ತಲೆಯ ಹೊಲಿಗೆ ಬಿಚ್ಚಿಯಾದರೂ ನಿನ್ನ ತಮ್ಮ ಸಂತು ಮೊದಲಿನಂತಿಲ್ಲ, ಉಪ್ಪಿಟ್ಟು ಆರಿತೆಂದು ತಟ್ಟೆ ಎಸೆದ, ತಿಂದು ಕೈ ತೊಳೆದವನೇ ‘ತಿಂಡಿ ಏನು?’ ಎಂದು ಕೇಳಿದ ಅಂತ ಬರೆದಿದ್ದೀಯ. ಅದನ್ನು ಕೊಬ್ಬು ಅನ್ನಬೇಡ ಮಗಳೇ. ಸಿಟ್ಟನ್ನು ಹಿಡಿತದಲ್ಲಿಡುವುದು ಹಣೆಯ ಹಿಂದಿನ ಮೆದುಳು. ಅಲ್ಲಿ ಪೆಟ್ಟು ಬಿದ್ದರೆ ಮುಂಗೋಪ, ಮರೆವು, ಸುಸ್ತು ಬರುತ್ತವೆ. ಸ್ಕ್ಯಾನ್ ಚೆನ್ನಾಗಿದ್ದರೂ ಇವು ಉಳಿಯಬಹುದು.

ಆಪರೇಷನ್ ಮಾಡಿದವರು ಜೀವ ಉಳಿಸಿದರು. ಮುಂದಿನದು ಬೇರೆ ಡಾಕ್ಟರುಗಳ ಕೆಲಸ. ಅದಕ್ಕೆ ನಿಮ್ಹಾನ್ಸ್‌ಗೆ ಹೋಗಿ ಎಂದರೆ, ಅದು ಹುಚ್ಚಾಸ್ಪತ್ರೆ ಎಂದು ನಿಮ್ಮಪ್ಪ ಹಿಂಜರಿಯುತ್ತಾನಂತೆ. ಅದು ಮೆದುಳು, ನರಗಳ ಆಸ್ಪತ್ರೆಯೂ ಹೌದು. ಪೆಟ್ಟು ತಿಂದವರನ್ನು ಮತ್ತೆ ದಿನನಿತ್ಯದ ಬದುಕಿಗೆ ಅಣಿಗೊಳಿಸುವ ಪುನಶ್ಚೇತನ ವಿಭಾಗವೇ ಅಲ್ಲಿದೆ. ನೆನಪು, ಗಮನ ಎಲ್ಲಿ ಕುಂದಿದೆ ಎಂದು ಪರೀಕ್ಷಿಸಿ ತಕ್ಕ ಅಭ್ಯಾಸ ಮಾಡಿಸುತ್ತಾರೆ. ಅಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ಅವನ ಮಾತು ತಡವರಿಸುತ್ತಿದೆಯಲ್ಲ, ಅದಕ್ಕೆ ಇಲ್ಲೇ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಿವಿ ಕೇಳದ ಮಕ್ಕಳಿಗಷ್ಟೇ ಅಲ್ಲ, ಮೆದುಳಿನ ಪೆಟ್ಟಿನಿಂದ ಮಾತು ಕುಂದಿದ ದೊಡ್ಡವರಿಗೂ ಅಲ್ಲಿ ಚಿಕಿತ್ಸೆ ಉಂಟು. ಎಷ್ಟು ದಿನವಾದರೂ ನಮ್ಮ ಮನೆಯಲ್ಲೇ ಇದ್ದು ಹೋಗಿಬರಲಿ.

ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಫಿಲಂ, ಮಾತ್ರೆ ಚೀಟಿ ಒಂದೇ ಫೈಲಿನಲ್ಲಿರಲಿ. ತಲೆನೋವು ಯಾವಾಗ ಬಂತು, ಎಷ್ಟು ನಿದ್ದೆ ಮಾಡಿದ, ಯಾವುದಕ್ಕೆ ರೇಗಿದ, ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡು. ಡಾಕ್ಟರ ಮುಂದೆ ಅವನು ‘ಆರಾಮಾಗಿದ್ದೀನಿ’ ಅಂದುಬಿಡುತ್ತಾನೆ. ನಿಜ ಹೇಳಬೇಕಾದವರು ಮನೆಯವರೇ. ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಡಾಕ್ಟರು ಸರಿ ಅನ್ನುವವರೆಗೆ ಬೈಕಿನ ಕೀ ಅವನ ಕೈಗೆ ಸಿಗದಿರಲಿ. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಂಪರು ಕವಿದರೆ, ಫಿಟ್ಸ್ ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನ್ ಮಾಡಿ.

ಇನ್ನು ನಿನ್ನ ವಿಷಯ. ರಾತ್ರಿಯೆಲ್ಲ ಎಚ್ಚರವಿದ್ದು ಬೆಳಿಗ್ಗೆ ಕಾಲೇಜಿಗೆ ಓಡಿದರೆ ಮೈ ತಡೆಯುವುದಿಲ್ಲ. ವಾರಕ್ಕೆರಡು ರಾತ್ರಿ ಅತ್ತೆಯ ಮಗ ಬಂದು ಅವನ ಹತ್ತಿರ ಮಲಗಲಿ, ನಾನು ಹೇಳಿದ್ದೇನೆ. ಮನಸ್ಸು ತೀರಾ ಕುಗ್ಗಿದಾಗ 14416 ಟೆಲಿ ಮಾನಸ್ ಸಹಾಯವಾಣಿಗೆ ಕರೆಮಾಡು. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಚೇತರಿಕೆಗೆ ತಿಂಗಳುಗಳು ಬೇಕು, ವರ್ಷಗಳೂ ಹಿಡಿಯಬಹುದು. ಆದರೆ ಅಭ್ಯಾಸ ಬೇಗ ಶುರುವಾದಷ್ಟೂ ಒಳ್ಳೆಯದು. ಆದ್ದರಿಂದ ಹಬ್ಬ ಕಳೆಯಲಿ ಅನ್ನದೆ ಈ ವಾರವೇ ಅವನನ್ನು ಕರೆದುಕೊಂಡು ಹೊರಡಿ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ